ಮಾಗಿಸುವ ಕೋಣೆಯ ಚಕ್ರಕ್ಕ

ಒಂದು ಕಡೆ ನೆಮ್ಮದಿಯಾಗಿ ಕೂರುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಹತ್ತನೇ ತಿಂಗಳಿಗೆ ನಡೆದಳು, ಹನ್ನೊಂದನೇ ತಿಂಗಳಿಗೆ ಮೂರನೇ ಬೀದಿಯಲ್ಲಿ ಸಿಕ್ಕಳು ಎಂದು ಅವಳ ತಾಯಿ ಹೇಳುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನೆರೆಹೊರೆಯವರು ಆಡಿಕೊಂಡದ್ದೇ ಮುಂದೆ ಹೆಸರಾಯಿತು. ನಲವತ್ತಾರು ತುಂಬಿದ ಮೇಲೂ ಕಾರ್ಖಾನೆಯ ಗೇಟಿನವನಿಂದ ಹಿಡಿದು ಮನೆ ಪಕ್ಕದ ಇಸ್ತ್ರಿ ಅಂಗಡಿಯವನ ತನಕ ಎಲ್ಲರಿಗೂ ಅವಳು ಚಕ್ರಕ್ಕ.

ಅವಳು ಹಿಡಿದು ಬಿಟ್ಟ ಕೆಲಸಗಳಿಗೆ ಲೆಕ್ಕವಿರಲಿಲ್ಲ. ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸ ಎಂಟು ತಿಂಗಳು, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಒಂದು ವರ್ಷ, ರಕ್ತ ಪರೀಕ್ಷೆಯ ಅಂಗಡಿಯಲ್ಲಿ ಗಾಜಿನ ಕೊಳವೆ ತೊಳೆದದ್ದು ಆರೇ ವಾರ. ಅವಳು ನೆಲೆನಿಂತ ಕೆಲಸ ಒಂದೇ. ಔಷಧದ ಪುಡಿಯನ್ನು ಸಣ್ಣ ಪೊಟ್ಟಣಗಳಿಗೆ ತುಂಬಿ, ಬಿಸಿ ಪಟ್ಟಿಯಿಂದ ಒತ್ತಿ ಬಾಯಿ ಮುಚ್ಚುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇದ್ದಳು. ಅದೂ ಯಾಕೆಂದರೆ ಅಲ್ಲಿ ಆರು ಯಂತ್ರಗಳ ಸಾಲನ್ನು ಒಬ್ಬಳೇ ನೋಡಿಕೊಳ್ಳಬೇಕಿತ್ತು. ದಿನಕ್ಕೆ ಏನಿಲ್ಲವೆಂದರೂ ಏಳೆಂಟು ಮೈಲಿ ನಡೆಯುತ್ತಿದ್ದಳು.

ಆ ಸಾಲನ್ನು ಮುಚ್ಚಿದಾಗ ಅವಳಿಗೆ ಸಿಕ್ಕಿದ್ದು ಬ್ಯಾಟರಿ ಕಾರ್ಖಾನೆ. ವಿಧಿಯ ಕುಚೋದ್ಯವೋ ಏನೋ, ಹಾಕಿದ್ದು ಮಾಗಿಸುವ ಕೋಣೆಗೆ.

ಹಣ್ಣು ಮಾಗಿಸುವ ಕೋಣೆಯಲ್ಲ ಅದು. ಹೊಸದಾಗಿ ತಯಾರಾದ ಲಿಥಿಯಂ ಪಾಲಿಮರ್ ಸೆಲ್ಲುಗಳು ಮೊದಲ ಸಲ ಚಾರ್ಜ್ ಆದ ಮೇಲೆ ಅಲ್ಲಿಗೆ ಬಂದು ಎರಡು ವಾರ ಸುಮ್ಮನೆ ಮಲಗುತ್ತಿದ್ದವು. ಅಂಗೈಯಷ್ಟು ಅಗಲ, ಪೆನ್ಸಿಲಿಗಿಂತ ತೆಳು, ಬೆಳ್ಳಿ ಬಣ್ಣದ ಪೊಟ್ಟಣಗಳು. ಹಳೇ ಕಾಲದ ಬ್ಯಾಟರಿಯಂತೆ ಇವಕ್ಕೆ ತಗಡಿನ ಡಬ್ಬಿಯಿಲ್ಲ. ಒಳಗಿನ ರಸಾಯನವೂ ನೀರಿನಂತೆ ಕುಲುಕಾಡುವುದಿಲ್ಲ, ಜೆಲ್ಲಿನಂತೆ ಹಿಡಿದುಕೊಂಡಿರುತ್ತದೆ. ಹಾಗಾಗಿಯೇ ಅಷ್ಟು ತೆಳು, ಅಷ್ಟು ಹಗುರ. ಕಿಟಕಿಯಿಲ್ಲದ ಆ ಉದ್ದನೆಯ ಕೋಣೆಯಲ್ಲಿ, ಮೈ ಬೆವರುವಷ್ಟು ಬಿಸಿಯಲ್ಲಿ, ಸಾವಿರಾರು ಸೆಲ್ಲುಗಳು ಕಪಾಟುಗಳಲ್ಲಿ ಸಾಲಾಗಿ ಬಿದ್ದಿರುತ್ತಿದ್ದವು. ಒಳಗೆ ಏನಾದರೂ ಊನವಿದ್ದರೆ ಈ ಎರಡು ವಾರದಲ್ಲಿ ಹೊರಬೀಳಬೇಕು. ಚಾರ್ಜ್ ತಾನಾಗಿಯೇ ಇಳಿಯಬಹುದು, ಇಲ್ಲವೇ ಒಳಗೆ ಗಾಳಿ ಹುಟ್ಟಿ ಪೊಟ್ಟಣ ಉಬ್ಬಬಹುದು. ದಿನಕ್ಕೆ ಎರಡು ಸಲ ಅಳೆದು ಬರೆಯುವುದು ಅವಳ ಕೆಲಸ.

"ಇಲ್ಲಿ ಕೆಲಸ ಅಂದ್ರೆ ಕಾಯೋದು, ಅಷ್ಟೇ," ಎಂದಿದ್ದರು ಪರೀಕ್ಷಾ ವಿಭಾಗದ ಮುಖ್ಯಸ್ಥರು ಮೊದಲ ದಿನವೇ.

"ಕಾಯೋದಾ? ನನ್ನ ಮದುವೆ ದಿನ ಕಾಯೋಕ್ಕಾಗದೆ ನಾನೇ ಗಂಡಿನ ಮನೆ ಕಡೆ ಹೊರಟಿದ್ದೆ ಸಾರ್," ಎಂದಳು ಚಕ್ರಕ್ಕ.

ಅವರು ನಗಲಿಲ್ಲ. ಯಾವ ಸಂಖ್ಯೆಯನ್ನೂ ಬಿಂದುವಿನ ಮುಂದೆ ಮೂರು ಸ್ಥಾನ ಹೇಳದೆ ಬಿಡದ ಆ ಮನುಷ್ಯನಿಗೆ ಕೆಲಸದವರು ದಶಾಂಶ ಸಾರ್ ಎಂದು ಹೆಸರಿಟ್ಟಿದ್ದರು. ಕೆಟ್ಟವರಲ್ಲ. ಅಳತೆಗೆ ಬಾರದ್ದನ್ನು ನಂಬುತ್ತಿರಲಿಲ್ಲ, ಅಷ್ಟೇ.

ಮನೆಗೆ ಹೋದರೆ ಅಲ್ಲೂ ಕಾಯುವುದೇ. ಅವಳ ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು. ಅಂಟು ಒಣಗುವುದನ್ನು ನೋಡುತ್ತಲೇ ಒಂದು ಮಧ್ಯಾಹ್ನ ಕಳೆಯಬಲ್ಲ ತಣ್ಣನೆಯ ಮನುಷ್ಯ. ಅತ್ತೆ ಮೂವತ್ತನಾಲ್ಕು ವರ್ಷ ಲೆಕ್ಕದ ಪಾಠ ಮಾಡಿದ ಟೀಚರು, ಎಪ್ಪತ್ತೈದು ವಯಸ್ಸು, ನಾಲಿಗೆ ಮಾತ್ರ ಇನ್ನೂ ಇಪ್ಪತ್ತೈದರದ್ದು. ಮೂರು ವರ್ಷದ ಹಿಂದೆ ಶ್ವಾಸಕೋಶ ಕೈಕೊಟ್ಟಿತ್ತು. ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಒಂದು ಯಂತ್ರ, ಅದರಿಂದ ಮೂಗಿಗೊಂದು ನಳಿಕೆ. ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ಯಂತ್ರವೇನೋ ಹೌದು. ಆದರೆ ಅದರ ಬ್ಯಾಟರಿ ನಡೆಯುತ್ತಿದ್ದದ್ದು ಎರಡು ಗಂಟೆ ಹತ್ತು ನಿಮಿಷ. ಕರೆಂಟು ಹೋದರೆ ಬೇಕೆಂದು ಇನ್ನೊಂದು ಬ್ಯಾಟರಿ ಮನೆಯಲ್ಲೇ ಇರುತ್ತಿತ್ತು, ಹಾಗಾಗಿ ಒಂದರಲ್ಲೇ ಹೋಗಿ ಅದರಲ್ಲೇ ವಾಪಸು ಬರಬೇಕು.

"ಅಂದ್ರೆ ನನ್ನ ಪ್ರಪಂಚ ಒಂದು ಗಂಟೆ ಐದು ನಿಮಿಷ ದೂರ ಇದೆ," ಎನ್ನುತ್ತಿದ್ದರು ಅತ್ತೆ. "ಅದರಾಚೆ ಏನಿದೆಯೋ ದೇವರಿಗೇ ಗೊತ್ತು."

ಅದರಾಚೆ ಇದ್ದವರು ಅವರ ತಂಗಿ. ರೈಲಿನಲ್ಲಿ ಐದು ಗಂಟೆಯ ಹಾದಿ. ಎಪ್ಪತ್ತೊಂದು ವರ್ಷವಾದರೂ ಎಲ್ಲರ ಬಾಯಲ್ಲಿ ಪುಟ್ಟಿ. ಆರು ತಿಂಗಳ ಹಿಂದೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಕಿವಿ ಮಂದ, ಫೋನಿನಲ್ಲಿ ಅಕ್ಕ ಒಂದು ಕೇಳಿದರೆ ತಂಗಿ ಇನ್ನೊಂದು ಹೇಳುವುದು, ಕೊನೆಗೆ ಇಬ್ಬರೂ ಸಿಟ್ಟಾಗಿ ಫೋನು ಇಡುವುದು, ಮರುದಿನ ಮತ್ತೆ ಅದೇ.

ಇಂಥ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಹೊಸ ಸೆಲ್ಲು ತಯಾರಾಯಿತು. ಸೆಲ್ಲಿನೊಳಗೆ ಚಾರ್ಜನ್ನು ಹಿಡಿದಿಡುವ ಕರಿ ಪದರಕ್ಕೆ ಸಿಲಿಕಾನ್ ಪುಡಿ ಬೆರೆಸಿದ್ದರು. ಅದೇ ತೂಕ, ಅದೇ ಗಾತ್ರ. ಶಕ್ತಿ ಮಾತ್ರ ಎರಡು ಪಟ್ಟಿಗೂ ಮೇಲೆ. ಅತ್ತೆಯ ಯಂತ್ರದಂಥವುಗಳಿಗೆಂದೇ ಮಾಡಿದ್ದು. ಒಂದು ಬ್ಯಾಟರಿಗೆ ಆರು ಗಂಟೆ ಎಂದು ಲೆಕ್ಕ ಹಾಕಿದ್ದರು. ಮೊದಲ ಇಪ್ಪತ್ತು ಬ್ಯಾಟರಿಗಳನ್ನು ಕೆಲಸದವರ ಮನೆಯ ರೋಗಿಗಳಿಗೇ ಕೊಟ್ಟು ನೋಡುವುದೆಂದು ತೀರ್ಮಾನವಾದಾಗ ಚಕ್ರಕ್ಕ ಓಡಿಹೋಗಿ ಅತ್ತೆಯ ಹೆಸರು ಬರೆಸಿ ಬಂದಳು. ಪಟ್ಟಿಯಲ್ಲಿ ನಾಲ್ಕನೆಯದು.

ಅತ್ತೆ ಕ್ಯಾಲೆಂಡರಿನಲ್ಲಿ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಫೋನಿನಲ್ಲಿ ತಂಗಿಗೆ ಕೂಗಿ ಹೇಳಿದರು. ತಂಗಿಗೆ ಏನು ಕೇಳಿಸಿತೋ, "ಆಯ್ತು, ಬರುವಾಗ ಕನ್ನಡಕ ತಾ," ಎಂದರಂತೆ.

ಹೊಸ ಸೆಲ್ಲುಗಳ ಮೊದಲ ತಂಡ ಮಾಗಿಸುವ ಕೋಣೆಗೆ ಬಂದು ಒಂಬತ್ತನೇ ದಿನ. ಬೆಳಗಿನ ಅಳತೆ ನಡೆದಿತ್ತು. ಸೆಲ್ಲನ್ನು ಚಪ್ಪಟೆ ಮೇಜಿನ ಮೇಲಿಟ್ಟರೆ ಮೇಲಿಂದ ಒಂದು ಅಗಲವಾದ ಪಾದ ಇಳಿದು ಅದರ ನಡುವನ್ನು ಒತ್ತುತ್ತದೆ. ದಪ್ಪ ಎಷ್ಟೆಂದು ಪರದೆಯ ಮೇಲೆ ಬರುತ್ತದೆ. ಎಲ್ಲವೂ ಮಿತಿಯೊಳಗಿದ್ದವು. ಚಕ್ರಕ್ಕ ಒಂದು ಸೆಲ್ಲನ್ನು ಎತ್ತಿ ತಟ್ಟೆಗೆ ಇಡುವಾಗ ಅವಳ ಹೆಬ್ಬೆರಳು ಅದರ ಮೂಲೆಯ ಮೇಲೆ ಬಿತ್ತು. ಕರೆಂಟು ಹಾಯಿಸುವ ಲೋಹದ ನಾಲಿಗೆಗಳು ಹೊರಬರುವ ಜಾಗದ ಪಕ್ಕದ ಮೂಲೆ. ಬೆರಳಿಗೆ ಅದು ಮೆತ್ತಗೆ ಸಿಕ್ಕಿತು.

ಮತ್ತೆ ಒತ್ತಿದಳು. ಕಿವಿಯ ಹಾಲೆಯಷ್ಟು ಮೆತ್ತಗೆ. ಪಕ್ಕದ ಸೆಲ್ಲು ಗಟ್ಟಿ. ಅದರ ಪಕ್ಕದ್ದು ಗಟ್ಟಿ. ಐದನೆಯದು ಮತ್ತೆ ಮೆತ್ತಗೆ. ನೂರು ಸೆಲ್ಲಿನ ತಟ್ಟೆಯಲ್ಲಿ ಏಳು ಹಾಗೆ ಸಿಕ್ಕವು. ಏಳನ್ನೂ ಮತ್ತೊಮ್ಮೆ ಅಳತೆಗಿಟ್ಟಳು. ಏಳೂ ಪಾಸು.

ಹನ್ನೊಂದು ವರ್ಷ ಪೊಟ್ಟಣಗಳ ಬಾಯಿ ಮುಚ್ಚಿಸಿದ ಕೈಗೆ ಅರ್ಥವಾಗುವುದಕ್ಕೆ ಹೊತ್ತು ಬೇಕಿರಲಿಲ್ಲ. ಒಳಗೆ ಚೂರು ಗಾಳಿ ಹುಟ್ಟಿದೆ. ಅಳೆಯುವ ಪಾದ ನಡುವೆ ಒತ್ತಿದಾಗ ಆ ಗಾಳಿ ಮೂಲೆಗೆ ಸರಿದು ಬಚ್ಚಿಟ್ಟುಕೊಳ್ಳುತ್ತಿದೆ. ಗಾಳಿ ಹುಟ್ಟಬೇಕಾದರೆ ಹೊರಗಿನ ತೇವ ಒಳಗೆ ಹೋಗಿರಬೇಕು. ತೇವ ಹೋಗಬೇಕಾದರೆ ಆ ಮೂಲೆಯ ಮುಚ್ಚಿಗೆ ಸರಿಯಾಗಿ ಕೂತಿಲ್ಲ. ಔಷಧದ ಕಾರ್ಖಾನೆಯಲ್ಲಿ ಒಮ್ಮೆ ಹೀಗೇ ಆಗಿ ಇಡೀ ಒಂದು ತಂಡದ ಪುಡಿ ಕಲ್ಲಾಗಿತ್ತು.

ಗೊತ್ತಾದದ್ದನ್ನು ಆ ದಿನ ಅವಳು ಯಾರಿಗೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ನಿಲ್ಲುತ್ತದೆ. ಕೆಂಪು ಸುತ್ತು ಹಾಕಿದ ತಾರೀಕು ಹಾಗೇ ಕಳೆದುಹೋಗುತ್ತದೆ. ನೂರಕ್ಕೆ ಏಳು ತಾನೇ, ಅತ್ತೆಗೆ ಬರುವ ಬ್ಯಾಟರಿಗೆ ನಾನೇ ಗಟ್ಟಿ ಸೆಲ್ಲು ಆರಿಸಿ ಇಡುತ್ತೇನೆ ಎಂದು ಒಮ್ಮೆ ಅಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯಾಗಿ, ಹಾಲು ತರುವ ನೆಪದಲ್ಲಿ ಎದ್ದು ಎರಡು ಬೀದಿ ಸುತ್ತಿ ಬಂದಳು. ಹಾಲು ತರುವುದನ್ನೇ ಮರೆತಿದ್ದಳು. ಮತ್ತೆ ಹೋದಳು. ಪಾತ್ರೆ ತೊಳೆದಳು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಗಂಡ ಅಂಟಿನ ಡಬ್ಬಿಯಿಂದ ತಲೆಯೆತ್ತಿ ನೋಡಿದ.

"ಏನೇ, ಕಾಲಿಗೆ ಇರುವೆ ಹತ್ತಿದವಳ ಹಾಗೆ ಆಡ್ತಿದ್ದೀಯಲ್ಲ?"

"ಏನಿಲ್ಲ ರೀ. ಸೆಖೆ."

"ಸೆಖೆ ಎಲ್ಲಿದೆ?" ಎಂದು ಅವನು ಮತ್ತೆ ಅಂಟಿನ ಡಬ್ಬಿಗೆ ಬಗ್ಗಿದ.

ಮೂರನೇ ದಿನ ಸಂಜೆ ಅವಳು ಕೆಲಸದಿಂದ ಬಂದಾಗ ಅತ್ತೆ ಜಗಲಿಯ ಮೇಲೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಾಗೆ ಕೂರುವುದು ಅವರ ರೂಢಿ. ಚಳಿಗೆ ಅದರ ಬಿಸಿ ಹಿತವಾಗಿರುತ್ತದಂತೆ. ಮೂಗಿನಲ್ಲಿ ಆಮ್ಲಜನಕದ ನಳಿಕೆ, ತೊಡೆಯ ಮೇಲೆ ಬ್ಯಾಟರಿ. ಚಕ್ರಕ್ಕ ಮೆಟ್ಟಿಲ ಮೇಲೆಯೇ ನಿಂತಳು. ಉಬ್ಬಿದ ಸೆಲ್ಲು ಕಾದರೆ ಏನಾಗುತ್ತದೆಂದು ಕಾರ್ಖಾನೆಯ ಹಿಂದಿನ ಕಾಂಕ್ರೀಟು ಗುಂಡಿಯಲ್ಲಿ ಬೇಕೆಂದೇ ಮಾಡಿ ತೋರಿಸಿದ್ದರು. ಅಲ್ಲಿ ಆಮ್ಲಜನಕದ ನಳಿಕೆ ಇರಲಿಲ್ಲ. ಆದರೂ ಜ್ವಾಲೆ ಆಳೆತ್ತರ ಎದ್ದಿತ್ತು. ಪಟ್ಟಿಯಲ್ಲಿ ಇನ್ನೂ ಹತ್ತೊಂಬತ್ತು ಹೆಸರುಗಳಿದ್ದವು. ಅವರೂ ಹೀಗೇ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರೇ ಇರಬೇಕು.

ಮರುದಿನ ಬೆಳಗ್ಗೆ ದಶಾಂಶ ಸಾರ್ ಬರುವ ಮೊದಲೇ ಅವರ ಕೋಣೆಯ ಬಾಗಿಲಲ್ಲಿ ಅವಳು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು.

ಅವರು ಏಳೂ ಸೆಲ್ಲುಗಳ ಅಳತೆಯನ್ನು ಪರದೆಯಲ್ಲಿ ನೋಡಿದರು. "ಐದು ಬಿಂದು ಮೂರು ಒಂದು ಎರಡು. ಐದು ಬಿಂದು ಮೂರು ಸೊನ್ನೆ ಒಂಬತ್ತು. ಮಿತಿ ಐದು ಬಿಂದು ಐದು ಸೊನ್ನೆ ಸೊನ್ನೆ. ಎಲ್ಲ ಸರಿಯಾಗೇ ಇದೆಯಲ್ಲಮ್ಮ."

"ಮೂಲೆ ಮುಟ್ಟಿ ನೋಡಿ ಸಾರ್."

"ಮುಟ್ಟಿದ್ದನ್ನ ರಿಪೋರ್ಟಿನಲ್ಲಿ ಹೇಗೆ ಬರೀಲಿ? ಮೆತ್ತಗೆ ಅಂತಲಾ?"

"ಮೊದಲು ಮುಟ್ಟಿ. ಬರೆಯೋದು ಆಮೇಲೆ."

ಅವರು ಮುಟ್ಟಿದರು. ಒಂದು ಗಟ್ಟಿ, ಒಂದು ಮೆತ್ತಗೆ. ಮತ್ತೆ ಮುಟ್ಟಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಅವಳು ಅದಲು ಬದಲು ಮಾಡಿ ಕೊಟ್ಟ ಹತ್ತು ಸೆಲ್ಲುಗಳನ್ನು ಮುಟ್ಟಿ ಬೇರೆ ಮಾಡಿದರು. ಅವರು ಆರಿಸಿದ್ದೂ ಅವಳು ಗುರುತು ಹಾಕಿದ್ದೂ ಒಂದೇ ಆಗಿದ್ದವು.

"ಯಾವತ್ತು ಗೊತ್ತಾಯ್ತು ನಿಮಗೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ನಾಲ್ಕು ದಿನ ಆಯ್ತು ಸಾರ್," ಎಂದಳು. "ನಮ್ಮತ್ತೆ ಹೆಸರು ಪಟ್ಟಿಯಲ್ಲಿದೆ. ಅದಕ್ಕೇ ಬಾಯಿ ಬರಲಿಲ್ಲ."

ಅವರು ಬೈಯಲಿಲ್ಲ, ಮೆಚ್ಚಲೂ ಇಲ್ಲ. ಫೋನು ಎತ್ತಿಕೊಂಡರು.

ಹುಡುಕಿದರೆ, ಸೆಲ್ಲುಗಳ ಬಾಯಿ ಮುಚ್ಚುವ ಮೂರನೇ ಯಂತ್ರದ ಬಿಸಿ ಪಟ್ಟಿಯ ಒಂದು ಮೂಲೆ ಕೂದಲೆಳೆಯಷ್ಟು ಸವೆದಿತ್ತು. ಆ ಯಂತ್ರದಿಂದ ಬಂದವೇ ಆ ಏಳು. ಅಲ್ಲಿಗೆ ಮುಗಿಯಲಿಲ್ಲ. ಅನುಮಾನ ಹತ್ತಿ ಬೇರೆ ಯಂತ್ರಗಳ ಸೆಲ್ಲುಗಳನ್ನೂ ನೂರಾರು ಸಲ ಚಾರ್ಜ್ ಮಾಡಿ ಖಾಲಿ ಮಾಡಿ ನೋಡಿದಾಗ ಇನ್ನೊಂದು ವಿಷಯ ಬಯಲಾಯಿತು. ಸಿಲಿಕಾನ್ ಬೆರೆಸಿದ ಪದರ ಪ್ರತಿ ಸಲ ಚಾರ್ಜ್ ಆಗುವಾಗಲೂ ಎಣಿಸಿದ್ದಕ್ಕಿಂತ ಜಾಸ್ತಿ ಹಿಗ್ಗುತ್ತಿತ್ತು. ಹಿಗ್ಗಿ ಹಿಗ್ಗಿ ಚೆನ್ನಾಗಿದ್ದ ಮುಚ್ಚಿಗೆಯನ್ನೂ ಎಳೆಯುತ್ತಿತ್ತು. ಬೆರಕೆಯ ಪ್ರಮಾಣವನ್ನೇ ಬದಲಿಸಬೇಕಾಯಿತು. ಐದು ತಿಂಗಳು ತಡ ಎಂದು ಸೂಚನಾ ಫಲಕದಲ್ಲಿ ಚೀಟಿ ಬಿತ್ತು. ಊಟದ ಕೋಣೆಯಲ್ಲಿ ಕೆಲವರು ಅವಳ ಮೇಜಿನಿಂದ ಎದ್ದು ಬೇರೆ ಕಡೆ ಕೂತರು. ಪಟ್ಟಿಯಲ್ಲಿ ಅವರ ಮನೆಯವರ ಹೆಸರೂ ಇತ್ತು.

ಚೀಟಿ ಬಿದ್ದ ಸಂಜೆ ಮನೆಯಲ್ಲಿ ಹೇಳುವುದು ದಶಾಂಶ ಸಾರ್‌ಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅತ್ತೆ ಪೂರ್ತಿ ಕೇಳಿದರು.

"ನೂರಕ್ಕೆ ಏಳು," ಎಂದರು. "ಇಪ್ಪತ್ತು ಜನ. ಒಂದು ಬ್ಯಾಟರಿಗೆ ಎಷ್ಟು ಸೆಲ್ಲು?"

"ಎಂಟು."

ಅತ್ತೆಯ ತುಟಿ ಸ್ವಲ್ಪ ಹೊತ್ತು ಅಲುಗಾಡಿತು. "ಹಾಗಾದ್ರೆ ಹೆಚ್ಚುಕಮ್ಮಿ ಎಂಟೊಂಬತ್ತು ಮನೆಗೆ ಕೆಟ್ಟದ್ದು ಹೋಗ್ತಿತ್ತು. ನಾಲ್ಕು ದಿನ ಯಾಕೆ ಬೇಕಿತ್ತು ನಿನಗೆ? ಲೆಕ್ಕ ಬರಲ್ವಾ?"

"ನಿಮಗೋಸ್ಕರ ಅತ್ತೆ."

"ನನ್ನ ಹೆಸರು ಹೇಳಿ ತಪ್ಪು ಲೆಕ್ಕ ಮಾಡಬೇಡ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ರಾತ್ರಿ ಊಟಕ್ಕೆ ಏಳಲಿಲ್ಲ.

ಎರಡು ವಾರ ಹಾಗೂ ಹೀಗೂ ಕಳೆಯಿತು. ಪುಟ್ಟಿಯ ಮಗಳು ಫೋನು ಮಾಡಿ, ಅಮ್ಮ ಊಟ ಕಡಿಮೆ ಮಾಡಿದ್ದಾರೆ, ಅಕ್ಕ ಯಾವಾಗ ಬರ್ತಾಳೆ ಅಂತ ದಿನಾ ಕೇಳ್ತಾರೆ ಎಂದಳು. ಐದು ತಿಂಗಳು. ಚಕ್ರಕ್ಕನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ಭಾನುವಾರ ಬೆಳಗ್ಗೆ ರೈಲಿನ ವೇಳಾಪಟ್ಟಿ ತಂದು ಅತ್ತೆಯ ಮುಂದೆ ಬಿಡಿಸಿದಳು.

"ಹಳೇ ಬ್ಯಾಟರಿಲೇ ಹೋಗೋಣ ಅತ್ತೆ. ನಮ್ಮ ಹತ್ರ ಎರಡಿದೆ. ಯಂತ್ರದ ಅಂಗಡಿಯವನು ಇನ್ನೆರಡು ಬಾಡಿಗೆಗೆ ಕೊಡ್ತಾನಂತೆ. ರೈಲಲ್ಲಿ ಪ್ಲಗ್ಗೂ ಇರುತ್ತೆ."

ಅತ್ತೆ ಪೆನ್ನು ಕೇಳಿದರು. ನಾಲ್ಕು ಬ್ಯಾಟರಿ, ಎಂಟು ಗಂಟೆ ನಲವತ್ತು ನಿಮಿಷ. ಮನೆಯಿಂದ ಮನೆಗೆ ಆರೂಮುಕ್ಕಾಲು ಗಂಟೆ. "ಉಳಿಯೋದು ಒಂದು ಗಂಟೆ ಐವತ್ತೈದು ನಿಮಿಷ," ಎಂದು ಅಡಿಗೆರೆ ಎಳೆದರು. ಗಂಡ ಮಾತ್ರ, "ಇನ್ನೊಂದು ಸಲ ಯೋಚಿಸೋಣ," ಎಂದ. ಇಬ್ಬರೂ ಹೆಂಗಸರು ಅವನ ಕಡೆ ನೋಡಿದ ರೀತಿಗೆ ಎದ್ದು ಪೆಟ್ಟಿಗೆ ಕಟ್ಟತೊಡಗಿದ.

ಹೊರಟ ದಿನ ಲೆಕ್ಕ ತಪ್ಪುತ್ತಾ ಹೋಯಿತು. ಅವರ ಬೋಗಿಯ ಪ್ಲಗ್ಗುಗಳಲ್ಲಿ ಒಂದರಲ್ಲೂ ಕರೆಂಟು ಇರಲಿಲ್ಲ. ಮೊದಲ ಬ್ಯಾಟರಿ ಹೇಳಿದಷ್ಟು ಹೊತ್ತು ನಡೆಯಿತು. ಬಾಡಿಗೆಯದೊಂದು ಹಾಕಿದರೆ ನಲವತ್ತೇ ನಿಮಿಷಕ್ಕೆ ಕೂಗಿಕೊಂಡಿತು. ಎಷ್ಟು ರೋಗಿಗಳ ಕೈ ದಾಟಿ ಬಂದಿತ್ತೋ, ಮುದಿ ಬ್ಯಾಟರಿ. ತಮ್ಮ ಎರಡನೆಯದನ್ನು ಹಾಕಿದರು. ಬಾಡಿಗೆಯ ಇನ್ನೊಂದು ಬಾಕಿಯಿತ್ತು. ಅದೂ ಇದರ ತಂಗಿಯೇ ಆಗಿದ್ದರೆ ಏನು ಗತಿ ಎಂದು ಚಕ್ರಕ್ಕ ಬಾಗಿಲಿಗೂ ಸೀಟಿಗೂ ಓಡಾಡುತ್ತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ, ಅರ್ಧ ದಾರಿ ದಾಟುತ್ತಿದ್ದಂತೆ, ರೈಲು ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತು. ಮುಂದೆ ಹಳಿ ಕೆಟ್ಟಿದೆ, ಎರಡು ಗಂಟೆಯೋ ಮೂರು ಗಂಟೆಯೋ ಗೊತ್ತಿಲ್ಲ ಎಂದು ಸುದ್ದಿ ಬಂತು.

ಅತ್ತೆ ಮಾತಾಡಲಿಲ್ಲ. ಯಂತ್ರದ ಗುಂಡಿಯನ್ನು ಎರಡರಿಂದ ಒಂದಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಮಾತಾಡಿದರೆ ಉಸಿರು ಜಾಸ್ತಿ ಬೇಕು. ಆ ನಾಲಿಗೆ ಸುಮ್ಮನಿದ್ದದ್ದನ್ನು ನೋಡಿಯೇ ಚಕ್ರಕ್ಕನಿಗೆ ಹೆದರಿಕೆಯಾದದ್ದು. ಖಾಲಿಯಾಗಿದ್ದ ತಮ್ಮ ಮೊದಲ ಬ್ಯಾಟರಿಯನ್ನೂ ಚಾರ್ಜರನ್ನೂ ಎತ್ತಿಕೊಂಡು, "ನೀವು ಇಲ್ಲೇ ಇರಿ, ಅಮ್ಮನ ತುಟಿ ಬಣ್ಣ ನೋಡ್ತಾ ಇರಿ," ಎಂದು ಗಂಡನಿಗೆ ಹೇಳಿ ಕೆಳಗಿಳಿದಳು.

ಸ್ಟೇಷನ್ ಮಾಸ್ಟರ್ ನಿವೃತ್ತಿಗೆ ಹತ್ತಿರವಿದ್ದ ದಪ್ಪ ಮನುಷ್ಯ. ವಿಷಯ ಕೇಳಿ ತಮ್ಮ ಫ್ಯಾನಿನ ಪ್ಲಗ್ಗು ಕಿತ್ತು ಜಾಗ ಮಾಡಿಕೊಟ್ಟರು.

"ಪೂರ್ತಿ ತುಂಬೋಕ್ಕೆ ಎಷ್ಟು ಹೊತ್ತಮ್ಮ?"

"ನಾಲ್ಕು ಗಂಟೆ."

"ಅಷ್ಟು ಹೊತ್ತು ಗಾಡಿ ನಿಲ್ಲಲ್ಲ."

"ಪೂರ್ತಿ ತುಂಬಿಸಲ್ಲ ಸಾರ್," ಎಂದಳು. ಕಾರ್ಖಾನೆಯಲ್ಲಿ ದಿನವೂ ಪರದೆಯ ಮೇಲೆ ಆ ಗೆರೆಯನ್ನು ನೋಡುತ್ತಿದ್ದಳು. ಖಾಲಿ ಸೆಲ್ಲು ಮುಕ್ಕಾಲು ತುಂಬುವ ತನಕ ಗೆರೆ ಓಡುತ್ತದೆ, ಕೊನೆಯ ಕಾಲುಭಾಗಕ್ಕೆ ತೆವಳುತ್ತದೆ. ಅತಿಯಾಗಿ ತುಂಬಿ ಕೆಡದಿರಲೆಂದು ಚಾರ್ಜರೇ ಕೈ ಬಿಗಿ ಹಿಡಿಯುತ್ತದೆ. ಒಂದನ್ನು ತುದಿಯ ತನಕ ತುಂಬಿಸುತ್ತಾ ಕೂರುವುದು ದಡ್ಡತನ. ಓಡುವಷ್ಟು ಓಡಿಸಿ, ತೆವಳತೊಡಗಿದ ಕೂಡಲೇ ಕಿತ್ತು ಇನ್ನೊಂದನ್ನು ಹಾಕಬೇಕು.

"ಕೂತ್ಕೊಳಮ್ಮ. ಗಾಡಿ ಹೊರಡೋಕ್ಕೆ ಹತ್ತು ನಿಮಿಷ ಮುಂಚೆ ನನಗೆ ತಿಳಿಯುತ್ತೆ. ನಾನೇ ಹೇಳ್ತೀನಿ."

ಅವಳು ಕೂರಲಿಲ್ಲ. ಕೋಣೆಯಿಂದ ಬೋಗಿಗೆ, ಬೋಗಿಯಿಂದ ಕೋಣೆಗೆ. ಅತ್ತೆಯ ಉಗುರು ನೋಡಿ ಬಂದಳು, ಚಾರ್ಜರಿನ ದೀಪ ನೋಡಿ ಹೋದಳು. ಬಿಸಿಲಿಗೆ ಪ್ಲಾಟ್‌ಫಾರಂ ಕಾದಿತ್ತು. ಯಂತ್ರದಲ್ಲಿದ್ದ ಬ್ಯಾಟರಿ ಎರಡೂ ಕಾಲಿಗೆ ಖಾಲಿಯಾಯಿತು. ಬಾಡಿಗೆಯ ಕೊನೆಯದನ್ನು ಹಾಕಿ, ಬಿಸಿಯಾಗಿದ್ದ ಖಾಲಿಯನ್ನು ವೇಳಾಪಟ್ಟಿಯಿಂದ ಬೀಸಿ ಬೀಸಿ ತಣ್ಣಗೆ ಮಾಡಿದಳು. ಎರಡೂವರೆಗೆ ಚಾರ್ಜರಿನ ನಾಲ್ಕು ದೀಪಗಳಲ್ಲಿ ಮೂರನೆಯದು ಹತ್ತಿತು. ಇನ್ನು ತೆವಳುತ್ತದೆ. ಕಿತ್ತಳು, ಇನ್ನೊಂದನ್ನು ಹಾಕಿದಳು.

"ಮೂರು ಸುತ್ತಿಗೆ ನನ್ನ ತಲೆ ತಿರುಗ್ತಾ ಇದೆ," ಎಂದರು ಸ್ಟೇಷನ್ ಮಾಸ್ಟರ್. "ನೀವು ಎಷ್ಟನೇ ಸುತ್ತು?"

"ಎಣಿಸಿಲ್ಲ ಸಾರ್. ಎಣಿಸೋರು ಗಾಡಿಯಲ್ಲಿದ್ದಾರೆ."

ಮೂರೂ ಇಪ್ಪತ್ತಕ್ಕೆ ಅವರ ಮೇಜಿನ ಫೋನು ಬಡಿದುಕೊಂಡಿತು. ಅವರು ಕೈ ಎತ್ತುವ ಮೊದಲೇ ಅವಳು ಪ್ಲಗ್ಗು ಕಿತ್ತಾಗಿತ್ತು. ಓಡುವಾಗ ಒಂದು ಚಪ್ಪಲಿ ಪ್ಲಾಟ್‌ಫಾರಮ್ಮಿನಲ್ಲೇ ಉಳಿಯಿತು.

ಬಾಡಿಗೆಯ ಬ್ಯಾಟರಿ ಎರಡು ಗಂಟೆಯೂ ಬಾಳದೆ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೂಗಿತು. ನಿಲ್ದಾಣದಲ್ಲಿ ತುಂಬಿಸಿಕೊಂಡ ಎರಡರಲ್ಲೇ ಉಳಿದ ದಾರಿ ಸಾಗಬೇಕಿತ್ತು, ಸಾಗಿತು. ಪುಟ್ಟಿಯ ಮನೆಯ ಗೋಡೆಯ ಪ್ಲಗ್ಗಿಗೆ ಯಂತ್ರದ ವೈರು ಸಿಕ್ಕಿಸಿದಾಗ ಕೊನೆಯದರಲ್ಲಿ ಒಂದೇ ಗೀಟು ಮಿಟುಕುತ್ತಿತ್ತು.

ಹಾಸಿಗೆಯ ಮೇಲಿದ್ದ ಪುಟ್ಟಿ ಹಕ್ಕಿಯಷ್ಟಾಗಿದ್ದರು. ಅಕ್ಕನನ್ನು ತಲೆಯಿಂದ ಕಾಲಿನ ತನಕ ನೋಡಿ, "ಮೂಗಲ್ಲಿ ಅದೇನದು ದಾರ?" ಎಂದರು.

"ದಾರ ಅಲ್ಲ ಕಣೇ, ಉಸಿರು."

"ಹೆಸರಾ? ನಿನ್ನ ಹೆಸರು ನನಗೆ ಗೊತ್ತಿಲ್ವಾ?"

ಅತ್ತೆ ನಕ್ಕರು, ನಕ್ಕು ಕೆಮ್ಮು ಬಂದು, ಕೆಮ್ಮಿ ಕಣ್ಣಲ್ಲಿ ನೀರು ಬಂತು. ತಂಗಿಯ ಪಕ್ಕದಲ್ಲೇ ಹಾಸಿಗೆಯಂಚಿಗೆ ಕೂತು ಅವರ ಕೈ ಹಿಡಿದುಕೊಂಡರು. ಕನ್ನಡಕ ತರುವುದು ಎಲ್ಲರಿಗೂ ಮರೆತಿತ್ತು. ಅಸಲಿಗೆ ಅವರು ಕೇಳಿದ್ದು ಕನ್ನಡಕವೋ ಕನ್ನಡಿಯೋ ಯಾರಿಗೂ ಖಚಿತವಿರಲಿಲ್ಲ. ಒಂಬತ್ತು ದಿನ ಅಲ್ಲಿದ್ದರು. ಅಕ್ಕ ಕೂಗುವುದು, ತಂಗಿ ತಪ್ಪು ಕೇಳುವುದು, ಬೆಳಗಿನಿಂದ ಸಂಜೆಯ ತನಕ ಅದೇ ಗದ್ದಲ. ಚಕ್ರಕ್ಕ ಮೂರನೇ ದಿನಕ್ಕೇ ಆ ಊರಿನ ಬೀದಿಗಳನ್ನೆಲ್ಲ ಸುತ್ತಿ ಮುಗಿಸಿದ್ದಳು.

ಅದಾಗಿ ನಾಲ್ಕನೇ ತಿಂಗಳಿಗೆ ಪುಟ್ಟಿ ತೀರಿಕೊಂಡರು. ಐದು ತಿಂಗಳೆಂದಿದ್ದ ಹೊಸ ಬ್ಯಾಟರಿ ಬಂದದ್ದು ಏಳನೇ ತಿಂಗಳಿಗೆ. ಆ ವಿಷಯವನ್ನು ಅತ್ತೆಯಾಗಲಿ ಸೊಸೆಯಾಗಲಿ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ. ಇಬ್ಬರಿಗೂ ಕಳೆಯುವ ಲೆಕ್ಕ ಬರುತ್ತಿತ್ತು.

ಸಿಲಿಕಾನ್ ಪುಡಿ ಕಡಿಮೆ ಮಾಡಿದ್ದರಿಂದ ಆರು ಗಂಟೆ ಐದೂಕಾಲು ಗಂಟೆಗೆ ಇಳಿದಿತ್ತು. ಬಿಸಿ ಪಟ್ಟಿಗಳನ್ನು ಸವೆಯುವ ಮೊದಲೇ ಬದಲಿಸುವ ನಿಯಮ ಬಂತು. ದಶಾಂಶ ಸಾರ್ ಅಳತೆಯ ಯಂತ್ರಕ್ಕೆ ನಾಲ್ಕು ಮೂಲೆಗೂ ಒಂದೊಂದು ಸಣ್ಣ ಪಾದ ಮಾಡಿಸಿದರು. ಆದರೂ ಪ್ರತಿ ತಟ್ಟೆಯಿಂದ ಹತ್ತು ಸೆಲ್ಲನ್ನು ಕೈಯಿಂದ ಮುಟ್ಟಿ ನೋಡಬೇಕೆಂದು ಕಾಗದದಲ್ಲಿ ಬರೆದರು. ಅದಕ್ಕೆ ಏನು ಹೆಸರಿಡುವುದೆಂದು ತಿಳಿಯದೆ 'ಹೆಬ್ಬೆರಳಿನ ಪರೀಕ್ಷೆ' ಎಂದೇ ಬರೆದರಂತೆ. ಊಟದ ಕೋಣೆಯಲ್ಲಿ ಎದ್ದು ಹೋದವರಲ್ಲಿ ಇಬ್ಬರು ವಾಪಸು ಬಂದು ಅವಳ ಮೇಜಿನಲ್ಲಿ ಕೂತರು. ಒಬ್ಬಳು ಬರಲೇ ಇಲ್ಲ. ಅವಳ ತಂದೆಯ ಹೆಸರು ಪಟ್ಟಿಯಲ್ಲಿ ಹನ್ನೊಂದನೆಯದಾಗಿತ್ತು. ಏಳು ತಿಂಗಳು ಅವರ ಉಸಿರು ಕಾಯಲಿಲ್ಲ. ಬಾಗಿಲಲ್ಲಿ ಎದುರಾದಾಗಲೆಲ್ಲ ಚಕ್ರಕ್ಕ ನಿಲ್ಲುತ್ತಾಳೆ, ಆಕೆ ನಿಲ್ಲದೆ ಹೋಗುತ್ತಾಳೆ.

ಹೊಸ ಬ್ಯಾಟರಿ ಮನೆಗೆ ಬಂದ ದಿನ ಅತ್ತೆ ಅದರ ನಾಲ್ಕು ಮೂಲೆಯನ್ನೂ ಒತ್ತಿ ನೋಡಿ, "ಆರು ಅಂದಿದ್ರಿ," ಎಂದರು. ಅಷ್ಟೇ.

ಮರುವಾರ ಚಕ್ರಕ್ಕ ಕೆಲಸದಿಂದ ಬಂದರೆ ಮಂಚ ಖಾಲಿ. ಯಂತ್ರವೂ ಇಲ್ಲ, ಬಾಗಿಲಲ್ಲಿ ಚಪ್ಪಲಿಯೂ ಇಲ್ಲ. ಗಂಡ ಅಂಟು ಹಚ್ಚುತ್ತಾ, "ಒಳಗೇ ಇದ್ರಲ್ಲ," ಎಂದ. ಅವಳು ಇಸ್ತ್ರಿ ಅಂಗಡಿ, ಔಷಧದ ಅಂಗಡಿ, ಶಾಲೆಯ ಹಿಂದಿನ ರಸ್ತೆ ಎಲ್ಲ ಓಡಿದಳು. ಕೊನೆಗೆ ಸಿಕ್ಕಿದ್ದು ದೊಡ್ಡ ರಸ್ತೆಯ ಬಸ್ ನಿಲ್ದಾಣದಲ್ಲಿ, ಕಲ್ಲು ಬೆಂಚಿನ ಮೇಲೆ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಹೋಗುವ ಬರುವ ಬಸ್ಸುಗಳ ಫಲಕ ಓದುತ್ತಾ.

"ಎಲ್ಲಿಗೆ ಹೊರಟಿದ್ರಿ ಅತ್ತೆ? ಒಂದು ಮಾತು ಹೇಳಬಾರದಾ?"

"ಎಲ್ಲಿಗೂ ಇಲ್ಲ. ಇನ್ನೂ ನಾಲ್ಕು ಗಂಟೆ ಇದೆ." ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ನೀನೂ ಸ್ವಲ್ಪ ಹೊತ್ತು ಕೂತ್ಕೋ."

ಅವಳು ಕೂತಳು. ಎರಡು ಬಸ್ಸು ಬಂದು ಹೋದವು. ಮೂರನೆಯದು ಬಂದಾಗ ಎದ್ದು ನಿಂತು, ಅದು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನ್ನು ಕೇಳಿದಳು.